ಬೇರೆ ಬೇರೆ ಸಂಸ್ಕೃತಿಗಳ ಚಿತ್ರಪುಸ್ತಕಗಳನ್ನು ಪುಟ್ಟ ಮಕ್ಕಳಿಗೆ ಓದಿ ಹೇಳುವಾಗ: ಒಂದು ಘಟನೆ, ಕೆಲವು ಪ್ರಶ್ನೆಗಳು

ನಲಿಕಲಿ ಶಿಕ್ಷಕಿ, ಮಲ್ಪೆ ಸಮೀಪ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನನ್ನ ತರಗತಿಯಲ್ಲಿ ನಡೆದ ಒಂದು ಘಟನೆ ಮನಸ್ಸಿನಿಂದ ಹೋಗುತ್ತಿಲ್ಲ. ಅನುಭವವುಳ್ಳವರ ಸಲಹೆ ಬೇಕಾಗಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಮ್ಮದು ಸರಕಾರಿ ಶಾಲೆ. ನಲಿಕಲಿ ಕೋಣೆಯಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಇಪ್ಪತ್ತಾರು ಮಕ್ಕಳು ಒಟ್ಟಿಗೆ ಕುಳಿತುಕೊಳ್ಳುತ್ತಾರೆ. ಮನೆಯಲ್ಲಿ ತುಳು ಮಾತನಾಡುವವರೇ ಹೆಚ್ಚು. ಕೊಂಕಣಿ, ಬ್ಯಾರಿ, ಕುಂದಾಪುರ ಕನ್ನಡದ ಮಕ್ಕಳೂ ಇದ್ದಾರೆ; ಕೊಪ್ಪಳ, ಬಾಗಲಕೋಟೆ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳಿದ್ದಾರೆ; ಒಡಿಶಾದ ಒಬ್ಬ ಅಣ್ಣ, ಅವನ ತಂಗಿ ಇದ್ದಾರೆ. ಜೂನ್ 1ರಿಂದ ಜುಲೈ 31ರವರೆಗಿನ ಅರುವತ್ತೊಂದು ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ ಬಂದರಿನ ಕೆಲಸವನ್ನು ನಂಬಿದ ಹಲವು ಕುಟುಂಬಗಳು ಆಗ ಊರಿಗೆ ಹೋಗಿರುತ್ತವೆ. ಹಾಗಾಗಿ ಶಾಲೆ ಶುರುವಾಗಿ ಎರಡು ತಿಂಗಳು ಕಳೆದ ಮೇಲೆ, ದೋಣಿಗಳು ಕಡಲಿಗೆ ಇಳಿಯುವ ಹೊತ್ತಿಗೆ ನಮ್ಮಲ್ಲಿ ಹೊಸ ಮಕ್ಕಳು ಸೇರುತ್ತಾರೆ. ಅಷ್ಟರಲ್ಲಿ ಉಳಿದವರಿಗೆ ಒಬ್ಬರಿಗೊಬ್ಬರ ಪರಿಚಯವಾಗಿ, ಗುಂಪುಗಳಾಗಿ, ಕೂರುವ ಜಾಗವೂ ನಿಶ್ಚಯವಾಗಿರುತ್ತದೆ. ಇಂಥ ತರಗತಿಗೆ ಬೇರೆ ಬೇರೆ ನಾಡಿನ ಮಕ್ಕಳ ಕಥೆಗಳು ಬೇಕು ಎಂಬ ಆಸೆಯಿಂದಲೇ ನಾನು ಚಿತ್ರಪುಸ್ತಕಗಳನ್ನು ಓದಿ ಹೇಳಲು ಆರಂಭಿಸಿದ್ದು.

ಕಳೆದ ವಾರ ಓದಿದ್ದು ಆಫ್ರಿಕಾದ ಒಬ್ಬ ಹುಡುಗಿ ಅಜ್ಜಿಯ ಜೊತೆ ಸಂತೆಗೆ ಹೋಗುವ ಕಥೆ. ಹೊರಡುವ ಮೊದಲು ಅಜ್ಜಿ ಮೊಮ್ಮಗಳ ಗುಂಗುರು ಕೂದಲನ್ನು ಬಿಡಿಸಿ, ಸಣ್ಣ ಸಣ್ಣ ಜಡೆಗಳಾಗಿ ಹೆಣೆಯುವ ಒಂದು ಪುಟವಿದೆ. ಆ ಪುಟವನ್ನು ತೋರಿಸಿದ ಕೂಡಲೇ ಎರಡನೆಯ ತರಗತಿಯ ಒಬ್ಬ ಹುಡುಗ ಜೋರಾಗಿ ನಕ್ಕು, ನಮ್ಮ ತರಗತಿಯ ಒಬ್ಬ ಹುಡುಗಿಯ ಹೆಸರು ಹೇಳಿ, "ಟೀಚರ್, ಇದು ಅವಳ ಹಾಗೆಯೇ ಉಂಟು" ಎಂದ. ಉಳಿದವರೂ ನಕ್ಕರು. ಆ ಹುಡುಗಿ ತನ್ನ ಎರಡೂ ಜಡೆಗಳ ರಿಬ್ಬನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ತಲೆ ತಗ್ಗಿಸಿದಳು. ಅವಳು ಯಾವ ಮನೆಯವಳು, ಯಾವ ಸಮುದಾಯದವಳು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ದಯವಿಟ್ಟು ಯಾರೂ ಕೇಳಬೇಡಿ. ನಾನು "ಹಾಗೆಲ್ಲ ನಗಬಾರದು" ಎಂದು ಗದರಿ, ಪುಟ ಮಗುಚಿ ಮುಂದಕ್ಕೆ ಓದಿದೆ. ಅಂದಿನಿಂದ ಆ ಹುಡುಗಿ ಓದುವ ಮೂಲೆಯ ಹತ್ತಿರ ಬರುತ್ತಿಲ್ಲ.

ನಾನು ಪುಟ ಮಗುಚಿದ್ದೇ ತಪ್ಪಾಯಿತು ಎಂದು ನನಗೆ ಅನಿಸುತ್ತಿದೆ. ಆಗ ಏನು ಹೇಳಬೇಕಿತ್ತು? ಆ ಪುಸ್ತಕವನ್ನು ಸ್ವಲ್ಪ ಕಾಲ ತೆಗೆದಿಡಬೇಕೇ? ಇಂಥ ಪುಸ್ತಕಗಳನ್ನು ಆರಿಸುವಾಗ ನೀವು ಏನನ್ನು ನೋಡುತ್ತೀರಿ?

ಅಂಗನವಾಡಿ ಕಾರ್ಯಕರ್ತೆ, ಉಳ್ಳಾಲ

ಪುಸ್ತಕವನ್ನು ತೆಗೆದಿಡಬೇಡಿ ಟೀಚರ್. ತಾವು ನೋಡಿ ನಕ್ಕ ಪುಸ್ತಕ ಮರುದಿನದಿಂದ ಕಾಣೆಯಾದರೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೋ ಇತ್ತು ಎಂದೇ ಮಕ್ಕಳು ತಿಳಿಯುತ್ತಾರೆ. ಆ ಹುಡುಗಿಯೂ ಹಾಗೆಯೇ ತಿಳಿಯುತ್ತಾಳೆ.

ನಮ್ಮ ಕೇಂದ್ರದ ಮಕ್ಕಳು ನಿಮ್ಮವರಿಗಿಂತ ಚಿಕ್ಕವರು, ಮೂರರಿಂದ ಆರು ವರ್ಷದವರು. ನಾನು ಮಾಡುವ ಒಂದು ಚಿಕ್ಕ ಕೆಲಸವನ್ನು ಹೇಳುತ್ತೇನೆ. ತಾಯಿ ಮತ್ತು ಮಗು ಇರುವ ಯಾವ ಚಿತ್ರ ಬಂದರೂ ನಾನು "ಇದು ಅಮ್ಮ" ಎಂದು ಮೊದಲೇ ಹೇಳುವುದಿಲ್ಲ. ಚಿತ್ರ ತೋರಿಸಿ, "ಇವರನ್ನು ನಿಮ್ಮ ಮನೆಯಲ್ಲಿ ಏನೆಂದು ಕರೆಯುತ್ತೀರಿ?" ಎಂದು ಕೇಳುತ್ತೇನೆ. ಉಮ್ಮ ಎನ್ನುವವರಿದ್ದಾರೆ, ಅಪ್ಪೆ ಎನ್ನುವವರಿದ್ದಾರೆ, ಮಾಂಯ್ ಎನ್ನುವವರಿದ್ದಾರೆ, ಅವ್ವ ಎನ್ನುವವರಿದ್ದಾರೆ. ತುಳುವಿನಲ್ಲಿ ಅಮ್ಮೆ ಎಂದರೆ ತಂದೆ ಎಂಬುದು ಉಳಿದ ಮಕ್ಕಳಿಗೆ ಗೊತ್ತಾದ ದಿನ ಕೇಂದ್ರದಲ್ಲಿ ಅರ್ಧ ಗಂಟೆ ಅದೇ ಮಾತು. ಅಂದು ಮಕ್ಕಳೆಲ್ಲ ನಕ್ಕರು, ಆದರೆ ಆ ನಗು ಯಾರನ್ನೂ ಒಂಟಿ ಮಾಡಲಿಲ್ಲ. ಪುಸ್ತಕ ದೂರದ ದೇಶದ್ದೇ ಆಗಿರಲಿ, ಮೊದಲ ಮಾತು ಮನೆಯಿಂದ ಬಂದರೆ ಮಕ್ಕಳು ಆ ಚಿತ್ರದ ಹತ್ತಿರ ಹೋಗುತ್ತಾರೆ.

ನಿವೃತ್ತ ಮುಖ್ಯೋಪಾಧ್ಯಾಯ, ಮಂಗಳೂರು

ಶಿಕ್ಷಕಿಯವರ ಕಾಳಜಿಯನ್ನು ಗೌರವಿಸುತ್ತೇನೆ. ಆದರೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಆರು-ಏಳು ವರ್ಷದ ಮಕ್ಕಳಿಗೆ ಆಫ್ರಿಕಾ, ಹಿಮದ ನಾಡು ಎಂದೆಲ್ಲ ಈಗಲೇ ತೋರಿಸುವ ಅಗತ್ಯವೇನಿದೆ? ಮಗು ಮೊದಲು ತನ್ನ ಅಂಗಳವನ್ನು ತಿಳಿಯಲಿ, ತನ್ನ ಊರಿನ ಗದ್ದೆ, ಕಡಲು, ಯಕ್ಷಗಾನವನ್ನು ತಿಳಿಯಲಿ. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರಂಥವರು ಮಕ್ಕಳಿಗಾಗಿ ಬರೆದದ್ದು ಈ ನೆಲದಲ್ಲಿಯೇ ಅಲ್ಲವೇ? ಅವರ ಪದ್ಯ, ಕಥೆಗಳನ್ನು ಇಂದಿಗೂ ಮಕ್ಕಳು ಆಸೆಯಿಂದ ಕೇಳುತ್ತಾರೆ.

ಇನ್ನೊಂದು ಮಾತು. ಬಣ್ಣ, ಕೂದಲು, ಉಡುಪು ಎಂಬ ಭೇದಗಳು ಬರುವ ಕಥೆಗಳಿಗಿಂತ ಪ್ರಾಣಿಗಳ ಕಥೆಗಳು ಈ ವಯಸ್ಸಿಗೆ ಕ್ಷೇಮ. ನರಿ, ಕಾಗೆ, ಆಮೆಗಳಿಗೆ ಜಾತಿಯೂ ಇಲ್ಲ, ಧರ್ಮವೂ ಇಲ್ಲ. ನೀತಿಯನ್ನು ಅವುಗಳ ಮೂಲಕವೇ ಕಲಿಸಬಹುದು. ಭೇದವನ್ನು ಗಮನಿಸದ ಮಕ್ಕಳಿಗೆ ನಾವಾಗಿ ಭೇದವನ್ನು ತೋರಿಸಿಕೊಡುತ್ತಿದ್ದೇವೆಯೋ ಎಂಬ ಅನುಮಾನ ನನ್ನದು.

ಶಿಕ್ಷಕರ ತರಬೇತಿ ಕಾಲೇಜಿನ ಉಪನ್ಯಾಸಕಿ, ಉಡುಪಿ

ಸರ್, ನಿಮ್ಮ ಮಾತಿನ ಮೊದಲ ಭಾಗವನ್ನು ಒಪ್ಪುತ್ತೇನೆ, ಎರಡನೆಯ ಭಾಗವನ್ನು ಒಪ್ಪಲಾರೆ. ಕಾರಣವನ್ನು ವಿವರಿಸುತ್ತೇನೆ, ದೀರ್ಘವಾದರೆ ಕ್ಷಮಿಸಿ.

ಅಮೆರಿಕದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ ಅವರು 1990ರಲ್ಲಿ ಬರೆದ ಒಂದು ಲೇಖನದಲ್ಲಿ ಮಕ್ಕಳ ಪುಸ್ತಕಗಳನ್ನು ಕನ್ನಡಿಗೆ, ಕಿಟಕಿಗೆ ಮತ್ತು ಸರಿಸಿ ಒಳಹೋಗಬಹುದಾದ ಗಾಜಿನ ಬಾಗಿಲಿಗೆ ಹೋಲಿಸಿದ್ದಾರೆ. ಮಗು ತನ್ನನ್ನು ಕಂಡುಕೊಂಡಾಗ ಪುಸ್ತಕ ಕನ್ನಡಿ. ಬೇರೆಯವರ ಬದುಕನ್ನು ಕಂಡಾಗ ಕಿಟಕಿ. ಕಲ್ಪನೆಯಿಂದ ಆ ಬದುಕಿನೊಳಗೆ ಹೆಜ್ಜೆಯಿಟ್ಟಾಗ ಬಾಗಿಲು. ಪುಸ್ತಕಗಳಲ್ಲಿ ಎಲ್ಲಿಯೂ ತನ್ನನ್ನು ಕಾಣದ ಮಗು, ತನಗೆ ಬೆಲೆಯಿಲ್ಲ ಎಂಬ ಪಾಠವನ್ನು ಯಾರೂ ಹೇಳದೆಯೇ ಕಲಿಯುತ್ತದೆ. ಎಲ್ಲ ಕಡೆ ತನ್ನನ್ನೇ ಕಾಣುವ ಮಗುವಿಗೂ ಹಾನಿಯಿದೆ, ಏಕೆಂದರೆ ಲೋಕವೆಂದರೆ ತನ್ನಂಥವರೇ ಎಂದು ಅದು ತಿಳಿದುಕೊಳ್ಳುತ್ತದೆ. ಮಲ್ಪೆಯ ತರಗತಿಯಲ್ಲಿ ಆದದ್ದನ್ನು ನೋಡಿ. ಇಪ್ಪತ್ತೈದು ಮಕ್ಕಳಿಗೆ ಕಿಟಕಿಯಾಗಿದ್ದ ಪುಟ ಒಬ್ಬ ಹುಡುಗಿಗೆ ಬಹುಶಃ ಮೊತ್ತಮೊದಲ ಕನ್ನಡಿಯಾಗಿತ್ತು. ಆ ಕನ್ನಡಿಯಲ್ಲಿ ಅವಳು ತನ್ನನ್ನು ನೋಡಿಕೊಳ್ಳುವ ಮೊದಲೇ ಉಳಿದವರ ನಗು ಬಂದುಬಿಟ್ಟಿತು.

ಮಕ್ಕಳು ಭೇದವನ್ನು ಗಮನಿಸುವುದಿಲ್ಲ ಎಂಬುದು ನಮ್ಮ ಹಾರೈಕೆ ಮಾತ್ರ. ಮೂರು ತಿಂಗಳ ಶಿಶುಗಳೇ ತಮಗೆ ರೂಢಿಯಾದ ಬಗೆಯ ಮುಖಗಳನ್ನು ಹೆಚ್ಚು ಹೊತ್ತು ನೋಡುತ್ತವೆ ಎಂದು 2005 ಮತ್ತು 2006ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿವೆ. ನನಗೆ ಮುಖ್ಯವೆನಿಸಿದ್ದು ಅದರ ಮುಂದಿನ ಭಾಗ: ಇಸ್ರೇಲಿನಲ್ಲಿ ಎರಡೂ ಬಗೆಯ ಮುಖಗಳ ನಡುವೆ ಬೆಳೆಯುತ್ತಿದ್ದ ಇಥಿಯೋಪಿಯಾ ಮೂಲದ ಶಿಶುಗಳಲ್ಲಿ ಅಂಥ ಒಲವು ಕಾಣಲಿಲ್ಲ. ಅಂದರೆ ಕಣ್ಣಿಗೆ ಯಾವುದು ರೂಢಿಯಾಗಿದೆ ಎಂಬುದೇ ಇಲ್ಲಿ ಪ್ರಶ್ನೆ. ನಮ್ಮ ಮಕ್ಕಳ ಕಣ್ಣಿಗೆ ಏನನ್ನು ರೂಢಿ ಮಾಡಿಸುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ.

ಪ್ರಾಣಿಕಥೆಗಳ ವಿಷಯ. ಅವು ಖಂಡಿತವಾಗಿ ಬೇಕು, ನಾನೂ ಅವುಗಳನ್ನು ಕೇಳಿ ಬೆಳೆದವಳು. ಆದರೆ ಕೆನಡಾದ ಟೊರಾಂಟೋದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಂಚಿಕೊಳ್ಳುವುದರ ಬಗ್ಗೆ ಇರುವ ಒಂದೇ ಕಥೆಯನ್ನು ನಾಲ್ಕರಿಂದ ಆರು ವರ್ಷದ ಮಕ್ಕಳ ಒಂದು ಗುಂಪಿಗೆ ಮನುಷ್ಯರ ಪಾತ್ರಗಳೊಂದಿಗೂ ಇನ್ನೊಂದು ಗುಂಪಿಗೆ ಪ್ರಾಣಿಗಳ ಪಾತ್ರಗಳೊಂದಿಗೂ ಓದಿ ಹೇಳಿದರು. ಮನುಷ್ಯರ ಕಥೆ ಕೇಳಿದ ಮಕ್ಕಳು ಆ ಬಳಿಕ ತಮ್ಮ ಸ್ಟಿಕ್ಕರುಗಳನ್ನು ಹೆಚ್ಚು ಹಂಚಿಕೊಂಡರು. ಪ್ರಾಣಿಗಳ ಕಥೆ ಕೇಳಿದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಮನುಷ್ಯರ ನಡುವಿನ ಸಂಗತಿಯನ್ನು ಮನುಷ್ಯರ ಕಥೆಯಲ್ಲಿಯೇ ಹೇಳಬೇಕಾಗುತ್ತದೆ.

ಪಂಜೆಯವರ ಹೆಸರು ಬಂದದ್ದರಿಂದ ಶಿವರಾಮ ಕಾರಂತರನ್ನೂ ನೆನೆಯಬೇಕು. ಪುತ್ತೂರಿನಲ್ಲಿ ಬಾಲವನ ಕಟ್ಟಿದ ಅವರು 1936ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಕೊಟ್ಟು, ಇಡೀ ಜಗತ್ತನ್ನೇ ಕನ್ನಡದ ಮಕ್ಕಳ ಮುಂದೆ ತೆರೆದಿಟ್ಟರು. ಅಂಗಳ ಮೊದಲು, ಜಗತ್ತು ಆಮೇಲೆ ಎಂದು ಅವರು ಮಕ್ಕಳನ್ನು ಕಾಯಿಸಲಿಲ್ಲ. ಎರಡನ್ನೂ ಒಟ್ಟಿಗೆ ಕೊಡುವ ಪರಂಪರೆ ನಮ್ಮ ಕರಾವಳಿಯದ್ದೇ.

ತಾಯಿ, ಮಂಗಳೂರು

ನಾನು ಶಿಕ್ಷಕಿಯಲ್ಲ. ಬ್ಯಾರಿ ಮನೆಮಾತಿನ, ಯುಕೆಜಿ ಓದುವ ಮಗಳ ತಾಯಿ. ಶಿಕ್ಷಕರು ಈ ಚರ್ಚೆ ಓದುತ್ತಿರುವುದರಿಂದ ನಮ್ಮ ಅನುಭವವನ್ನೂ ಹೇಳಬೇಕೆನಿಸಿತು.

ಹೋದ ವರ್ಷ ಮಗಳ ಶಾಲೆಯಲ್ಲಿ ಹಬ್ಬಗಳ ಬಗ್ಗೆ ಒಂದು ಚಿತ್ರಪುಸ್ತಕ ಓದಿದರು. ರಂಜಾನಿನ ಪುಟ ಬಂದಾಗ ಟೀಚರ್ ನನ್ನ ಮಗಳನ್ನು ಎದ್ದು ನಿಲ್ಲಿಸಿ, "ನಿಮ್ಮ ಹಬ್ಬದ ಬಗ್ಗೆ ಎಲ್ಲರಿಗೂ ಹೇಳು" ಎಂದರಂತೆ. ಅವರ ಉದ್ದೇಶ ಖಂಡಿತ ಒಳ್ಳೆಯದೇ. ಆದರೆ ನಾಲ್ಕೂವರೆ ವರ್ಷದ ಮಗುವಿಗೆ ಏನು ಹೇಳಬೇಕೆಂದು ಗೊತ್ತಾಗಲಿಲ್ಲ, ಅವಳು ಅತ್ತಳು. ಮನೆಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಉಮ್ಮ, ದೀಪಾವಳಿಯ ಪುಟ ಬಂದಾಗ ಯಾರನ್ನೂ ಯಾಕೆ ನಿಲ್ಲಿಸಲಿಲ್ಲ?"

ನನ್ನ ಬಳಿ ಉತ್ತರವಿರಲಿಲ್ಲ. ಪುಸ್ತಕದಲ್ಲಿ ನಮ್ಮ ಮಕ್ಕಳು ಬರುವುದು ವರ್ಷಕ್ಕೊಮ್ಮೆ, ಹೊಸ ಬಟ್ಟೆ ಹಾಕಿಕೊಂಡು, ಬಿರಿಯಾನಿ ತಿನ್ನುವುದಕ್ಕೆ ಮಾತ್ರ. ಮಳೆಯಲ್ಲಿ ಕೊಡೆ ಮರೆತು ಬಂದ ಹುಡುಗಿಗೆ ಆಯಿಷಾ ಎಂಬ ಹೆಸರು ಇರಬಾರದೇ? ಹಲ್ಲು ಬಿದ್ದದ್ದಕ್ಕೆ ಹೆದರುವ ಹುಡುಗ, ಹೊಸ ತಮ್ಮ ಹುಟ್ಟಿದ್ದಕ್ಕೆ ಮುನಿಸಿಕೊಂಡ ಹುಡುಗಿ, ಇವರೆಲ್ಲ ನಮ್ಮ ಮನೆಗಳಲ್ಲಿಯೂ ಇದ್ದಾರೆ. ಅಂಥ ಪುಸ್ತಕಗಳನ್ನು ಹುಡುಕಿ ಓದಿ ಎಂದು ಕೇಳಿಕೊಳ್ಳುತ್ತೇನೆ. ಜೊತೆಗೆ, ಮಗು ತಾನಾಗಿ ಹೇಳಿದರೆ ಕೇಳಿ, ಇಲ್ಲದಿದ್ದರೆ ಅದನ್ನು ತನ್ನ ಗೆಳತಿಯರ ನಡುವೆ ಕುಳಿತಿರಲು ಬಿಡಿ.

ನಲಿಕಲಿ ಶಿಕ್ಷಕಿ, ಮಲ್ಪೆ ಸಮೀಪ

ಅಕ್ಕಾ, ನಿಮ್ಮ ಮಗಳ ಪ್ರಶ್ನೆಯನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನಾನೂ ಮಕ್ಕಳನ್ನು ಹಾಗೆ ನಿಲ್ಲಿಸಿದ್ದೇನೆ. ಇನ್ನು ನಿಲ್ಲಿಸುವುದಿಲ್ಲ.

ತಂದೆ, ಬಾಗಲಕೋಟೆ ಜಿಲ್ಲೆಯಿಂದ ಬಂದು ಉಡುಪಿಯಲ್ಲಿ ನೆಲೆಸಿದವರು

ನಮ್ಮ ಮನೆಮಾತು ಕನ್ನಡವೇ. ಆದರೂ ನನ್ನ ಮಗ ಮೂರು ತಿಂಗಳು ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ಅವನು "ಹೌದ್ರೀ" ಎಂದರೆ ಮಕ್ಕಳು ಅದನ್ನೇ ಅಣಕಿಸುತ್ತಿದ್ದರು. ಬುತ್ತಿಯಲ್ಲಿ ಜೋಳದ ರೊಟ್ಟಿ ಕೊಟ್ಟರೆ ವಾಪಸು ತರುತ್ತಿದ್ದ. ಅನ್ನವನ್ನೇ ಕಟ್ಟಿಕೊಡಿ ಎಂದು ಅವರವ್ವನ ಹತ್ತಿರ ಹಟ ಮಾಡುತ್ತಿದ್ದ. ಬೇರೆ ಸಂಸ್ಕೃತಿ ಎಂದ ಕೂಡಲೇ ಎಲ್ಲರೂ ಹೊರದೇಶವನ್ನು ನೆನೆಯುತ್ತೀರಿ. ಕರಾವಳಿಯ ಮಗುವಿಗೆ ಬಯಲುಸೀಮೆಯ ಮಗುವಿನ ಬದುಕೂ ಒಂದು ಹೊಸ ಲೋಕವೇ. ನಮ್ಮ ಕಡೆಯ ಕಪ್ಪು ಎರೆಮಣ್ಣಿನ ಹೊಲ, ಮಣ್ಣಿನ ಮೇಲ್ಮುದ್ದೆಯ ಮಾಳಿಗೆ ಮನೆ, ರೊಟ್ಟಿ ತಟ್ಟುವ ಸಪ್ಪಳ ಇರುವ ಒಂದು ಚಿತ್ರಪುಸ್ತಕವನ್ನು ಅವನ ತರಗತಿಯಲ್ಲಿ ಯಾರಾದರೂ ಓದಿದ್ದರೆ ನನ್ನ ಮಗನ ಆ ಮೂರು ತಿಂಗಳು ಉಳಿಯುತ್ತಿತ್ತೇನೋ.

ಚಿತ್ರಕಲಾವಿದ, ಮಣಿಪಾಲ

ಪುಸ್ತಕವನ್ನು ಆರಿಸುವಾಗ ಏನನ್ನು ನೋಡಬೇಕು ಎಂಬ ಪ್ರಶ್ನೆಗೆ ನನ್ನ ಕಸುಬಿನ ಕಡೆಯಿಂದ ಉತ್ತರಿಸುತ್ತೇನೆ. ನಾವು ದೊಡ್ಡವರು ಚಿತ್ರಪುಸ್ತಕದ ಅಕ್ಷರವನ್ನು ಮೊದಲು ಓದುತ್ತೇವೆ. ಓದಲು ಬಾರದ ಮಗು ಚಿತ್ರವನ್ನೇ ಓದುತ್ತದೆ. ಆದ್ದರಿಂದ ಒಮ್ಮೆ ಅಕ್ಷರವನ್ನು ಕೈಯಿಂದ ಮುಚ್ಚಿ ಇಡೀ ಪುಸ್ತಕವನ್ನು ನೋಡಿ. ಕೆಲಸ ಮಾಡುವವರು ಯಾರು, ನಿರ್ಧಾರ ತೆಗೆದುಕೊಳ್ಳುವವರು ಯಾರು, ಪುಟದ ಅಂಚಿನಲ್ಲಿ ಬೆನ್ನು ತೋರಿಸಿ ನಿಂತವರು ಯಾರು ಎಂಬುದು ಆಗ ಕಾಣುತ್ತದೆ. ಆಫ್ರಿಕಾ ಎಂದರೆ ಹುಲ್ಲಿನ ಗುಡಿಸಲು ಮತ್ತು ತಲೆಯ ಮೇಲಿನ ಕೊಡ ಮಾತ್ರ ಎಂದಾದರೆ, ಅದು ಒಂದು ಖಂಡದ ಐವತ್ತಕ್ಕೂ ಹೆಚ್ಚು ದೇಶಗಳನ್ನು ಒಂದೇ ಚಿತ್ರಕ್ಕೆ ಇಳಿಸಿದಂತೆ. ಬಸ್ಸು, ಬಹುಮಹಡಿ ಕಟ್ಟಡ, ಆಸ್ಪತ್ರೆ ಇರುವ ಆಫ್ರಿಕಾದ ಪುಸ್ತಕವನ್ನೂ ಅದರ ಪಕ್ಕದಲ್ಲಿಡಿ. ಒಂದು ಸಮುದಾಯದ ಬಗ್ಗೆ ಒಂದೇ ಪುಸ್ತಕ ಇರುವುದಕ್ಕಿಂತ ಎರಡು ಬೇರೆ ಬೇರೆ ಪುಸ್ತಕಗಳಿರುವುದು ಮುಖ್ಯ.

ಇದೇ ಮಾತು ನಮ್ಮ ಜಿಲ್ಲೆಗೂ ಸಲ್ಲುತ್ತದೆ. ಇಲ್ಲಿಯ ಬುಡಕಟ್ಟಾದ ಕೊರಗ ಸಮುದಾಯದವರನ್ನು ಚಿತ್ರಿಸುವಾಗಲೆಲ್ಲ ಡೋಲು ಮತ್ತು ಬುಟ್ಟಿಯ ಜೊತೆಗೇ ಚಿತ್ರಿಸುವುದನ್ನು ನಾನು ಕಂಡಿದ್ದೇನೆ. ನನ್ನ ಆರಂಭದ ದಿನಗಳಲ್ಲಿ ನಾನೂ ಹಾಗೆಯೇ ಬರೆದಿದ್ದೇನೆ. ಅವರಿಂದ ಡೋಲು ಬಡಿಸುವಂಥ ಬಿಟ್ಟಿ ಚಾಕರಿ ಮಾಡಿಸಿ ಅವಮಾನಿಸುವ ಅಜಲು ಪದ್ಧತಿಯನ್ನು ತಡೆಯಲು ರಾಜ್ಯವು 2000ದಲ್ಲಿ ಕಾನೂನನ್ನೇ ತರಬೇಕಾಯಿತು ಎಂಬುದನ್ನು ತಿಳಿದ ಮೇಲೆ, ಆ ಡೋಲಿನ ಚಿತ್ರದ ಹಿಂದೆ ಎಷ್ಟು ನೋವಿದೆ ಎಂಬುದು ನನಗೆ ಅರ್ಥವಾಯಿತು. ಡೋಲು ಅವರ ಹೆಮ್ಮೆಯ ಕಲೆಯೂ ಹೌದು, ಅದನ್ನು ಮರೆಮಾಚಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಕೊರಗ ಹುಡುಗಿಯೊಬ್ಬಳು ಸೈಕಲ್ ಕಲಿಯುವ, ಗ್ರಂಥಾಲಯದಲ್ಲಿ ಕೂರುವ ಚಿತ್ರವೂ ಪಕ್ಕದಲ್ಲಿರಲೇಬೇಕು.

ಮಲ್ಪೆಯ ಟೀಚರಿಗೆ ಒಂದು ಚಟುವಟಿಕೆಯನ್ನು ಸೂಚಿಸುತ್ತೇನೆ. ನಮ್ಮ ಮಕ್ಕಳು ಬಣ್ಣದ ಡಬ್ಬಿಯಲ್ಲಿರುವ ತಿಳಿ ಗುಲಾಬಿ ಕಡ್ಡಿಯನ್ನು "ಸ್ಕಿನ್ ಕಲರ್" ಎಂದು ಕರೆಯುತ್ತಾರೆ, ತರಗತಿಯಲ್ಲಿ ಯಾರ ಚರ್ಮವೂ ಆ ಬಣ್ಣದ್ದಲ್ಲದಿದ್ದರೂ ಹಾಗೆಯೇ ಕರೆಯುತ್ತಾರೆ. ಅದನ್ನು ಒಂದು ದಿನ ಪಕ್ಕಕ್ಕಿಡಿ. ಕೆಂಪು, ಹಳದಿ, ನೀಲಿ ಬಣ್ಣಗಳನ್ನು ತಟ್ಟೆಯಲ್ಲಿ ಬೆರೆಸಿದರೆ ಕಂದು ಬರುತ್ತದೆ. ಬಿಳಿ ಸೇರಿಸಿದರೆ ತಿಳಿಯಾಗುತ್ತದೆ, ಕೆಂಪು ಹೆಚ್ಚಿಸಿದರೆ ಮುರಕಲ್ಲಿನ ಛಾಯೆ ಬರುತ್ತದೆ. ಪ್ರತಿ ಮಗುವೂ ತನ್ನ ಮುಂಗೈಗೆ ಹೊಂದುವ ಬಣ್ಣವನ್ನು ಬೆರೆಸಿ, ಒಂದು ಬೆರಳಚ್ಚನ್ನು ದೊಡ್ಡ ಹಾಳೆಯ ಮೇಲೆ ಒತ್ತಲಿ. ನೀವೂ ಒತ್ತಿ. ಎಲ್ಲರ ಚರ್ಮದಲ್ಲಿಯೂ ಇರುವುದು ಮೆಲನಿನ್ ಎಂಬ ಒಂದೇ ವರ್ಣದ್ರವ್ಯ, ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ ಎಂಬುದನ್ನು ಆ ಹಾಳೆಯ ಮುಂದೆ ನಿಂತು ಹೇಳಿದರೆ ಒಂದನೆಯ ತರಗತಿಯ ಮಗುವಿಗೂ ತಿಳಿಯುತ್ತದೆ.

ಗ್ರಾಮ ಪಂಚಾಯತ್ ಗ್ರಂಥಾಲಯದ ಮೇಲ್ವಿಚಾರಕಿ, ಕಾಪು

ಪುಸ್ತಕಗಳು ಎಲ್ಲಿ ಸಿಗುತ್ತವೆ ಎಂದು ಕೆಲವರು ನನ್ನಲ್ಲಿ ಬೇರೆಯಾಗಿ ಕೇಳಿದ್ದರಿಂದ ಇಲ್ಲಿಯೇ ಬರೆಯುತ್ತೇನೆ.

2004ರಲ್ಲಿ ಆರಂಭವಾದ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯ ಪುಸ್ತಕಗಳು ಕಡಿಮೆ ಬೆಲೆಗೆ ಕನ್ನಡದಲ್ಲಿ ಸಿಗುತ್ತವೆ. ಅವರು 2015ರಲ್ಲಿ ತೆರೆದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಮುಕ್ತ ಪರವಾನಗಿಯ ಕಥೆಗಳಿವೆ. ಲೇಖಕರ ಮತ್ತು ಚಿತ್ರಕಾರರ ಹೆಸರನ್ನು ಉಳಿಸಿಕೊಂಡು ಯಾರು ಬೇಕಾದರೂ ಅವುಗಳನ್ನು ಮುದ್ರಿಸಬಹುದು, ಅನುವಾದಿಸಲೂಬಹುದು. ಚೆನ್ನೈಯ ತೂಲಿಕಾ ಪ್ರಕಾಶನದವರು ಒಂದೇ ಪುಟದಲ್ಲಿ ಎರಡು ಭಾಷೆಗಳಿರುವ ಪುಸ್ತಕಗಳನ್ನು ತಂದಿದ್ದಾರೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳೂ ಕನ್ನಡದಲ್ಲಿವೆ.

ನಮ್ಮ ಊರಿನ ಭಾಷೆಗಳಲ್ಲಿ ಚಿತ್ರಪುಸ್ತಕಗಳು ಬಹಳ ಕಡಿಮೆ ಎಂಬುದು ನನ್ನ ದೊಡ್ಡ ಬೇಸರ. 2011ರ ಜನಗಣತಿಯಂತೆ ತುಳು ಮಾತನಾಡುವವರು 18 ಲಕ್ಷ 46 ಸಾವಿರಕ್ಕೂ ಹೆಚ್ಚು. ಕೊಂಕಣಿ 1992ರಿಂದ ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿದೆ. ತುಳು, ಕೊಂಕಣಿ, ಬ್ಯಾರಿ ಮೂರಕ್ಕೂ ರಾಜ್ಯದಲ್ಲಿ ಅಕಾಡೆಮಿಗಳಿವೆ. ಆದರೂ ನಾಲ್ಕು ವರ್ಷದ ಮಗುವಿನ ಕೈಗೆ ಕೊಡಬಹುದಾದ, ದಪ್ಪ ಹಾಳೆಯ, ಬಣ್ಣದ ಚಿತ್ರದ ತುಳು ಪುಸ್ತಕವೊಂದನ್ನು ಕೇಳಿದರೆ ನನ್ನ ಕಪಾಟು ಖಾಲಿಯೇ. ಇಲ್ಲಿ ಈ ಮೂರೂ ಭಾಷೆಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವುದು ರೂಢಿಯಾಗಿರುವುದರಿಂದ, ಕನ್ನಡ ಪುಸ್ತಕದ ಪ್ರತಿ ಪುಟದ ಕೆಳಗೆ ಮನೆಮಾತಿನ ಒಂದು ಸಾಲನ್ನು ಬಿಳಿ ಕಾಗದದ ಪಟ್ಟಿಯಲ್ಲಿ ಬರೆದು ಅಂಟಿಸುವ ಕೆಲಸವನ್ನು ನಾವು ಶುರುಮಾಡಿದ್ದೇವೆ. ಬರೆಯುವವರು ಮಕ್ಕಳ ಅಜ್ಜಿಯಂದಿರು, ತಾಯಂದಿರು. ಮಗು ಆ ಪುಸ್ತಕವನ್ನು ಮನೆಗೆ ಒಯ್ದರೆ ಓದಿ ಹೇಳಲು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ.

ಉಪನ್ಯಾಸಕಿ, ಉಡುಪಿ

ಮೇಡಂ, ಇದು ಬಹಳ ಒಳ್ಳೆಯ ಕೆಲಸ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಗ್ಗೆ ಬೇರೆ ಎಷ್ಟೇ ಭಿನ್ನಾಭಿಪ್ರಾಯಗಳಿರಲಿ, ಮನೆಮಾತು ಮತ್ತು ಶಾಲೆಯ ಮಾಧ್ಯಮ ಬೇರೆಯಾಗಿರುವ ಮಕ್ಕಳಿಗೆ ಎರಡು ಭಾಷೆಗಳ ಸಾಮಗ್ರಿಯನ್ನು ಬಳಸಲು ಶಿಕ್ಷಕರನ್ನು ಪ್ರೋತ್ಸಾಹಿಸಬೇಕೆಂಬ ಮಾತು ಅದರಲ್ಲಿ ಸ್ಪಷ್ಟವಾಗಿದೆ.

ಓದುವ ಕ್ರಮದ ಬಗ್ಗೆ ಒಂದು ಮಾತು. ಇಂಥ ಪುಸ್ತಕವನ್ನು ಒಮ್ಮೆ ಓದಿ ಮುಗಿಸಬೇಡಿ. ಮೊದಲ ದಿನ ಚಿತ್ರಗಳನ್ನು ಮಾತ್ರ ನೋಡಿಸಿ. ಎರಡನೆಯ ದಿನ ಕಥೆ ಓದಿ. ಮೂರನೆಯ ದಿನ ಮಕ್ಕಳೇ ಕಥೆ ಹೇಳಲಿ, ನೀವು ಕೇಳುವವರಾಗಿ. 1988ರಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಪುಟ್ಟ ಮಕ್ಕಳ ಮೇಲೆ ನಡೆಸಿದ ಅಧ್ಯಯನದಲ್ಲಿ, ದೊಡ್ಡವರು ಸುಮ್ಮನೆ ಓದುತ್ತಾ ಹೋಗುವ ಬದಲು ಬಿಡಿಸಿ ಹೇಳುವಂಥ ಪ್ರಶ್ನೆಗಳನ್ನು ಕೇಳಿ, ಮಗುವಿನ ಉತ್ತರವನ್ನು ಸ್ವಲ್ಪ ಬೆಳೆಸಿ ಮರಳಿ ಹೇಳಿದಾಗ ಮಕ್ಕಳ ಮಾತು ಬೇಗ ಬೆಳೆಯಿತು ಎಂದು ಕಂಡುಬಂದಿದೆ. "ಇವರಿಗೂ ನಮಗೂ ಏನು ವ್ಯತ್ಯಾಸ?" ಎಂಬ ಪ್ರಶ್ನೆಯಿಂದ ಶುರುಮಾಡಬೇಡಿ; ಆ ಪ್ರಶ್ನೆ ಚಿತ್ರದಲ್ಲಿರುವವರನ್ನು ಆಚೆ ನಿಲ್ಲಿಸುತ್ತದೆ. "ಈ ಹುಡುಗಿ ಈಗ ಏನು ಯೋಚಿಸುತ್ತಿರಬಹುದು?" ಎಂದು ಕೇಳಿ.

ಯಾರಾದರೂ ನಕ್ಕರೆ ಗದರುವ ಬದಲು ಅಲ್ಲೇ ನಿಲ್ಲಿ. "ನಿನಗೆ ನಗು ಬಂದದ್ದು ಏನನ್ನು ನೋಡಿ?" ಎಂದು ಸಮಾಧಾನದಿಂದ ಕೇಳಿ. "ಕೂದಲು" ಎಂದರೆ, "ಹೌದು, ಗುಂಗುರು ಕೂದಲು. ಅಜ್ಜಿ ಅದನ್ನು ಎಷ್ಟು ತಾಳ್ಮೆಯಿಂದ ಹೆಣೆಯುತ್ತಿದ್ದಾರೆ ನೋಡಿ" ಎಂದು ಚಿತ್ರಕ್ಕೇ ಮರಳಿ. ಹೋಲಿಕೆಗೆ ಗುರಿಯಾದ ಮಗುವಿನ ಕಡೆ ಆ ಕ್ಷಣದಲ್ಲಿ ನೋಡಬೇಡಿ, ಅವಳ ಹೆಸರನ್ನೂ ಎತ್ತಬೇಡಿ. ಅವಳೊಂದಿಗೆ ಆಮೇಲೆ, ಒಬ್ಬಳೇ ಇರುವಾಗ ಮಾತನಾಡಬೇಕು.

ನಿವೃತ್ತ ಮುಖ್ಯೋಪಾಧ್ಯಾಯ, ಮಂಗಳೂರು

ಎಲ್ಲರ ಮಾತುಗಳನ್ನು ಎರಡೆರಡು ಬಾರಿ ಓದಿದೆ. ಭೇದವನ್ನು ನಾವೇ ತೋರಿಸಿಕೊಡುತ್ತೇವೆ ಎಂದು ನಾನು ಬರೆದದ್ದು ಸರಿಯಲ್ಲ ಎಂದು ಈಗ ಅನಿಸುತ್ತಿದೆ. ಅದಕ್ಕೆ ಕಾರಣ ನನ್ನದೇ ಒಂದು ನೆನಪು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಾಲೆಯೊಳಗೆ ತುಳು ಮಾತನಾಡಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆವು. ಕನ್ನಡ ಬೇಗ ಬರಲಿ ಎಂಬುದಷ್ಟೇ ನಮ್ಮ ಉದ್ದೇಶವಾಗಿತ್ತು. ಒಂದನೆಯ ತರಗತಿಯ ಒಬ್ಬ ಹುಡುಗ ಪಾಠದ ಪುಸ್ತಕದಲ್ಲಿದ್ದ ಬೆಕ್ಕಿನ ಚಿತ್ರವನ್ನು ನೋಡಿ ಸಂತೋಷದಿಂದ "ಪುಚ್ಚೆ" ಎಂದ. ನಾನು ಅವನನ್ನು ನಿಲ್ಲಿಸಿದೆ. ಅವನು ಆ ವರ್ಷವಿಡೀ ಚಿತ್ರಗಳನ್ನು ತೋರಿಸಿದಾಗ ನನ್ನ ಮುಖವನ್ನು ನೋಡುತ್ತಿದ್ದನೇ ಹೊರತು ಚಿತ್ರವನ್ನು ನೋಡುತ್ತಿರಲಿಲ್ಲ. ನನ್ನ ಮನೆಮಾತೂ ತುಳುವೇ. ಆ ಹುಡುಗನಿಗೆ ಈಗ ಐವತ್ತರ ಹತ್ತಿರವಾಗಿರಬೇಕು. ಕ್ಷಮೆ ಕೇಳುವ ಅವಕಾಶ ನನಗೆ ಸಿಗಲಿಲ್ಲ.

ಕಾಪುವಿನ ಮೇಡಂ ಅವರಲ್ಲಿ ಒಂದು ಕೋರಿಕೆ. ತುಳು ಸಾಲುಗಳನ್ನು ಬರೆದುಕೊಡುವ ಕೆಲಸವಿದ್ದರೆ ನನಗೆ ಕೊಡಿ. ನನ್ನ ಅಕ್ಷರ ಈಗಲೂ ದುಂಡಗಿದೆ.

ಗ್ರಂಥಾಲಯದ ಮೇಲ್ವಿಚಾರಕಿ, ಕಾಪು

ಖಂಡಿತ ಸರ್. ಹನ್ನೊಂದು ಪುಸ್ತಕಗಳು ಕಾಯುತ್ತಿವೆ. ಶನಿವಾರ ತಲುಪಿಸುತ್ತೇನೆ.

ನಲಿಕಲಿ ಶಿಕ್ಷಕಿ, ಮಲ್ಪೆ ಸಮೀಪ

ಮೂರು ವಾರಗಳಾದವು. ನೀವೆಲ್ಲರೂ ಸಮಯ ಕೊಟ್ಟು ಬರೆದದ್ದರಿಂದ ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಮೊದಲು ಬಣ್ಣದ ಕೆಲಸ ಮಾಡಿಸಿದೆ. ಇಪ್ಪತ್ತೇಳು ಬೆರಳಚ್ಚುಗಳು ಬಂದವು, ಅವುಗಳಲ್ಲಿ ಒಂದು ನನ್ನದು. ಯಾವ ಎರಡು ಅಚ್ಚುಗಳೂ ಒಂದೇ ಬಣ್ಣದವಾಗಿರಲಿಲ್ಲ. ಅಂದು ನಕ್ಕಿದ್ದ ಹುಡುಗ ತನ್ನ ಬಣ್ಣವನ್ನು ಮೊದಲು ಬಹಳ ತಿಳಿಯಾಗಿ ಬೆರೆಸಿದ. ಮುಂಗೈಯ ಪಕ್ಕದಲ್ಲಿಟ್ಟು ನೋಡಿ, ತಾನಾಗಿಯೇ ಮತ್ತೆರಡು ಬಾರಿ ಕಂದು ಸೇರಿಸಿದ. ನಾನು ಏನೂ ಹೇಳಲಿಲ್ಲ. ಆ ಹಾಳೆ ಈಗ ಓದುವ ಮೂಲೆಯ ಗೋಡೆಯ ಮೇಲಿದೆ.

ಆ ಹುಡುಗಿಯೊಂದಿಗೆ ಬಿಸಿಯೂಟದ ಬಳಿಕ ಕೈತೊಳೆಯುವಲ್ಲಿ ಒಬ್ಬಳೇ ಸಿಕ್ಕಾಗ ಮಾತನಾಡಿದೆ. ಅಂದು ನಾನು ಬೇಗ ಪುಟ ಮಗುಚಿದ್ದು ತಪ್ಪಾಯಿತು, ಆ ಚಿತ್ರ ನನಗೆ ಬಹಳ ಇಷ್ಟ ಎಂದೆ. ಅವಳು ಏನೂ ಉತ್ತರಿಸಲಿಲ್ಲ.

ಆಮೇಲೆ ಅದೇ ಪುಸ್ತಕವನ್ನು ಮೂರು ದಿನಗಳ ಕ್ರಮದಲ್ಲಿ ಮತ್ತೆ ತೆಗೆದುಕೊಂಡೆ. ಈ ಸಲ ಯಾರೂ ನಗಲಿಲ್ಲ ಎಂದು ಹೇಳಲಾರೆ, ಮೊದಲ ದಿನ ಇಬ್ಬರು ನಕ್ಕರು. ಉಪನ್ಯಾಸಕಿಯವರು ಹೇಳಿದಂತೆ ಅಲ್ಲೇ ನಿಂತೆ. ಅಜ್ಜಿ ಜಡೆ ಹೆಣೆಯಲು ಎಷ್ಟು ಹೊತ್ತು ಬೇಕಾಗಬಹುದು ಎಂದು ಕೇಳಿದೆ. ಒಬ್ಬ ಐದು ನಿಮಿಷ ಎಂದ, ಇನ್ನೊಬ್ಬಳು ಅರ್ಧ ದಿನ ಎಂದಳು. ಮಾತು ಮನೆಯ ಬಾಚಣಿಗೆ, ತೆಂಗಿನೆಣ್ಣೆ, ಹೇನು, ಅಳು ಎಲ್ಲದರ ಕಡೆಗೂ ಹೋಯಿತು. ಸಂತೆಯ ಪುಟದಲ್ಲಿ ಮೀನು ಮಾರುವವರ ಚಿತ್ರವಿದೆ. ಉಳ್ಳಾಲದ ಅಕ್ಕ ಹೇಳಿದಂತೆ ಹೆಸರನ್ನು ನಾನು ಹೇಳದೆ ಕೇಳಿದೆ. ಮೀನ್ ಎಂದರು, ಮಾಸ್ಳಿ ಎಂದರು. ಒಡಿಶಾದ ತಂಗಿ ಅಣ್ಣನ ಹಿಂದಿನಿಂದ ಮೆಲ್ಲನೆ "ಮಾಛ" ಎಂದಳು. ಆಗಸ್ಟಿನಲ್ಲಿ ಸೇರಿದ ಬಳಿಕ ತರಗತಿಯಲ್ಲಿ ನಾನು ಕೇಳಿದ ಅವಳ ಮೊದಲ ಮಾತು ಅದು. ಅದನ್ನು ಕರಿಹಲಗೆಯ ಮೇಲೆ ಉಳಿದ ಹೆಸರುಗಳ ಜೊತೆ ಬರೆದೆ.

ಮೂರನೆಯ ದಿನ ಮಕ್ಕಳು ಕಥೆ ಹೇಳುತ್ತಿದ್ದಾಗ, ಓದುವ ಮೂಲೆಗೆ ಬಾರದೆ ಇದ್ದ ಹುಡುಗಿ ಬಂದು ಚಾಪೆಯ ಅಂಚಿನಲ್ಲಿ ಕುಳಿತಳು. ಜಡೆ ಹೆಣೆಯುವ ಪುಟ ಬಂದಾಗ ಕಥೆ ಹೇಳುತ್ತಿದ್ದವಳು "ಅಜ್ಜಿ ಕೂದಲು ಎಳೆಯುತ್ತಾರೆ, ನೋವಾಗುತ್ತದೆ" ಎಂದಳು. ಅದಕ್ಕೆ ಇವಳು, "ಇಲ್ಲ, ಮೊದಲು ಎಣ್ಣೆ ಹಾಕಬೇಕು. ಬುಡವನ್ನು ಕೈಯಲ್ಲಿ ಹಿಡಿದುಕೊಂಡು ತುದಿಯಿಂದ ಬಿಡಿಸಬೇಕು. ಆಗ ನೋವಾಗುವುದಿಲ್ಲ" ಎಂದು ತಿದ್ದಿದಳು. ಹೇಗೆ ಎಂದು ಮಕ್ಕಳು ಕೇಳಿದರು. ಅವಳು ತನ್ನ ರಿಬ್ಬನ್ ಬಿಚ್ಚಿ, ಎಡಗೈಯಲ್ಲಿ ಕೂದಲಿನ ಬುಡವನ್ನು ಹಿಡಿದು ತೋರಿಸಿದಳು.

ಉಳ್ಳಾಲದ ಅಕ್ಕಾ, ಈ ಪುಸ್ತಕವನ್ನು ನಿಮ್ಮ ಕೇಂದ್ರಕ್ಕೆ ಕಳುಹಿಸಬಹುದೇ ಎಂದು ನೀವು ಕೇಳಿದ್ದೀರಿ. ಮುಂದಿನ ತಿಂಗಳು ಕಳುಹಿಸುತ್ತೇನೆ. ಸದ್ಯಕ್ಕೆ ಅದನ್ನು ಮನೆಗೆ ಒಯ್ಯಲು ಆರು ಮಕ್ಕಳು ಹೆಸರು ಕೊಟ್ಟಿದ್ದಾರೆ.